ಸೋರುವ ಕೊಡ: ತಪಸ್ವಿ ಮೋಶೆಯ ಚರಿತ್ರೆ ಮತ್ತು ಐತಿಹ್ಯ

ಕ್ರಿ.ಶ. ನಾಲ್ಕನೆಯ ಶತಮಾನದಲ್ಲಿ ಈಜಿಪ್ಟಿನ ಸ್ಕೀಟಿಸ್ ಮರುಭೂಮಿಯು (ಇಂದಿನ ವಾದಿ ನತ್ರೂನ್) ಕ್ರೈಸ್ತ ವಿರಕ್ತರ ಪ್ರಮುಖ ನೆಲೆಯಾಗಿತ್ತು. ಹಗ್ಗ ಹೊಸೆದು, ಬುಟ್ಟಿ ಹೆಣೆದು ಬದುಕುತ್ತಿದ್ದ ಈ ತಪಸ್ವಿಗಳ ನುಡಿಗಳು ಮೊದಲು ಬಾಯಿಂದ ಬಾಯಿಗೆ ಹರಿದು, ತರುವಾಯ ಸಂಕಲನಗಳಾಗಿ ಲಿಪಿಗೊಂಡವು. ಆದುದರಿಂದ ಅವು ಚರಿತ್ರೆಗೆ ಆಕರವಾಗಿರುವಂತೆಯೇ ಜಾನಪದಕ್ಕೂ ಆಕರವಾಗಿವೆ. ಎಥಿಯೋಪಿಯದ ಮೋಶೆಯ ವೃತ್ತಾಂತವು ಇದಕ್ಕೆ ಉತ್ತಮ ನಿದರ್ಶನ.

ಸುಮಾರು 420ರಲ್ಲಿ ವಿರಕ್ತರ ಚರಿತ್ರೆಯನ್ನು ಬರೆದ ಪಲ್ಲಾಡಿಯಸನ ಪ್ರಕಾರ, ಕಪ್ಪುವರ್ಣದ ಮೋಶೆಯು ಅಧಿಕಾರಿಯೊಬ್ಬನ ಮನೆಯಾಳು. ಕಳವಿನ ಕಾರಣ ಹೊರಹಾಕಲ್ಪಟ್ಟು ದರೋಡೆಕೋರರ ನಾಯಕನಾದನು. ಅನಂತರ ಪಶ್ಚಾತ್ತಾಪಗೊಂಡು ವಿರಕ್ತನಾದನು. ರಾತ್ರಿಯ ವೇಳೆ ವೃದ್ಧ ತಪಸ್ವಿಗಳ ಕೊಡಗಳಿಗೆ ನೀರು ತುಂಬಿಸಿಡುತ್ತಿದ್ದನು. ತನ್ನ ಮೇಲೆರಗಿದ ನಾಲ್ವರು ಕಳ್ಳರನ್ನು ಕಟ್ಟಿ, ಹೊತ್ತು ತಂದು, ಅವರ ಕುರಿತು ಏನು ಮಾಡಬೇಕೆಂದು ಸಹವಿರಕ್ತರನ್ನೇ ಕೇಳಿದನು.

ನುಡಿಸಂಕಲನಗಳಲ್ಲಿ ಹೆಚ್ಚು ಪ್ರಸಿದ್ಧವಾದುದು ಸೋರುವ ಕೊಡದ ಪ್ರಸಂಗ. ತಪ್ಪೆಸಗಿದ ಸೋದರನ ವಿಚಾರಣೆಗೆ ಕರೆಬಂದಾಗ ಮೋಶೆಯು ತೂತುಬಿದ್ದ ಕೊಡದಲ್ಲಿ ನೀರು ತುಂಬಿ ಹೊತ್ತು ನಡೆದನು. ತನ್ನ ದೋಷಗಳು ಬೆನ್ನ ಹಿಂದೆ ಸೋರುತ್ತಿರುವಾಗ ಅವನ್ನು ಕಾಣದೆ ಪರರ ದೋಷವನ್ನು ತೀರ್ಮಾನಿಸಲು ಬಂದಿದ್ದೇನೆಂಬುದು ಅವನ ಮಾತಿನ ಭಾವ. ಸಭೆಯು ಸೋದರನನ್ನು ಕ್ಷಮಿಸಿತು. ಪಿಯೋರ್ ಎಂಬ ತಪಸ್ವಿಯ ಕಥೆಯಲ್ಲಿ ಇದೇ ಆಶಯವು ಬೆನ್ನ ಮೇಲೆ ಮರಳಿನ ದೊಡ್ಡ ಚೀಲ, ಮುಂದೆ ಮರಳಿನ ಚಿಕ್ಕ ಬುಟ್ಟಿ ಎಂಬ ರೂಪದಲ್ಲಿದೆ. ಸಂಚಾರಿ ಆಶಯವೊಂದು ಬೇರೆ ಬೇರೆ ಹೆಸರುಗಳಿಗೆ ಅಂಟಿಕೊಳ್ಳುವ ಬಗೆ ಇದು.

ಮರಣದ ವಿಷಯದಲ್ಲಿ ಆಕರಗಳು ಭಿನ್ನವಾಗಿವೆ. ಎಪ್ಪತ್ತು ಶಿಷ್ಯರನ್ನು ಬಿಟ್ಟು 75ನೆಯ ವಯಸ್ಸಿನಲ್ಲಿ ತೀರಿಕೊಂಡನೆನ್ನುವ ಪಲ್ಲಾಡಿಯಸನು ಹತ್ಯೆಯನ್ನು ಹೇಳುವುದಿಲ್ಲ. ನುಡಿಪರಂಪರೆಯಾದರೋ, ದಾಳಿಕೋರರು ಬಂದಾಗ ಅವನು ಓಡಿಹೋಗದೆ, ಖಡ್ಗ ಹಿಡಿದವನಿಗೆ ಖಡ್ಗದಿಂದಲೇ ಸಾವೆಂಬ ಕ್ರಿಸ್ತವಚನವನ್ನು ತನಗೆ ಅನ್ವಯಿಸಿಕೊಂಡು ಹತನಾದನೆನ್ನುತ್ತದೆ. ಹಳೆಯ ದರೋಡೆಕೋರನ ಋಣವನ್ನು ಕಥನವು ಹೀಗೆ ತೀರಿಸುತ್ತದೆ.

ಇನ್ನೊಂದು ಪ್ರಸಂಗವು ಗಮನಾರ್ಹ. ಬಿಳಿಯ ದೀಕ್ಷಾವಸ್ತ್ರ ತೊಟ್ಟ ಮೋಶೆಯನ್ನು ಪರೀಕ್ಷಿಸಲು ಧರ್ಮಾಧ್ಯಕ್ಷನ ಸೂಚನೆಯಂತೆ ಪಾದ್ರಿಗಳು ಅವನನ್ನು ಹೊರಗಟ್ಟುತ್ತಾರೆ. ಅವನು ತನ್ನ ಮೈಬಣ್ಣವನ್ನು ತಾನೇ ಹಳಿದುಕೊಳ್ಳುತ್ತಾನೆ. ಸಂಕಲನಕಾರರು ಇದನ್ನು ವಿನಯವೆಂದು ಕೊಂಡಾಡಿದರು. ಆದರೆ ಅವಮಾನವನ್ನು ಅವಮಾನಿತನ ಬಾಯಿಂದಲೇ ನುಡಿಸುವ ಈ ಕಥನದಲ್ಲಿ ಅಂದಿನ ವರ್ಣಭೇದದ ದೃಷ್ಟಿಯೂ ದಾಖಲಾಗಿದೆ. ಪರರ ತೀರ್ಪಿಗೆ ಕುಳಿತುಕೊಳ್ಳಲೊಪ್ಪದವನನ್ನು ಅವನ ಸಮುದಾಯವೇ ಬಣ್ಣದಿಂದ ಅಳೆಯಿತು. ಸಂತಚರಿತ್ರೆಗಳನ್ನು ಓದುವವರು ಅವುಗಳ ವಿವೇಕವನ್ನೂ ಈ ಗಾಯವನ್ನೂ ಒಟ್ಟಿಗೆ ಪರಿಗಣಿಸುವುದು ಅಗತ್ಯ.