ಇಪ್ಪತ್ತನಾಲ್ಕು ಬಾಗಿಲು, ಒಂಬತ್ತು ದಿನ

ಕ್ರಿಸ್‌ಮಸ್ಸಿಗೆ ದಿನ ಎಣಿಸುವ ಆಟಿಕೆ ಕ್ಯಾಲೆಂಡರ್ ಡಿಸೆಂಬರ್ 1ರಂದು ಶುರುವಾಗಿ 24ಕ್ಕೆ ಮುಗಿಯುತ್ತದೆ. ಗಟ್ಟಿ ರಟ್ಟಿನ ಪೆಟ್ಟಿಗೆ, ಅದರ ಮುಖದ ಮೇಲೆ ಅಂಕಿ ಬರೆದ 24 ಪುಟ್ಟ ಬಾಗಿಲು, ಒಂದೊಂದು ಬಾಗಿಲ ಹಿಂದೆ ಒಂದೊಂದು ಗೂಡು. ದಿನಕ್ಕೆ ಒಂದೇ ಬಾಗಿಲು ತೆಗೆಯಬೇಕು. ಅಂಕಿಗಳನ್ನು ಬೇಕೆಂದೇ ಅಡ್ಡಾದಿಡ್ಡಿಯಾಗಿ ಹಾಕಿರುವುದರಿಂದ ಆ ದಿನದ ಬಾಗಿಲನ್ನು ಹುಡುಕುವುದೇ ಒಂದು ಆಟ. ಒಳಗೆ ಒಂದು ದಿನ ಕುರಿ, ಮತ್ತೊಂದು ದಿನ ಕುರುಬ, ಇನ್ನೊಂದು ದಿನ ಅವನು ಚಳಿ ಕಾಯಿಸಿಕೊಳ್ಳುವ ಬೆಂಕಿ. ಮಕ್ಕಳು ಹೊಸದಾಗಿ ಬಂದದ್ದನ್ನು ನಿನ್ನೆ ಮೊನ್ನೆಯವುಗಳ ಪಕ್ಕ ನಿಲ್ಲಿಸಿ ಕಥೆ ಮುಂದುವರಿಸುತ್ತಾರೆ. ಮನೆಯ ದೊಡ್ಡವರೂ ಅದಕ್ಕೊಂದು ಮಾತು ಸೇರಿಸುತ್ತಾರೆ. ತಿಂಗಳ ಕೊನೆಗೆ ಮೇಜಿನ ಮೇಲೆ ಒಂದು ಸಣ್ಣ ಊರೇ ನಿಂತಿರುತ್ತದೆ.

ಈ ಪದ್ಧತಿ ಹುಟ್ಟಿದ್ದು ಜರ್ಮನಿಯ ಪ್ರೊಟೆಸ್ಟೆಂಟ್ ಮನೆಗಳಲ್ಲಿ. ಕ್ರಿಸ್‌ಮಸ್ಸಿಗೆ ಮೊದಲಿನ ನಾಲ್ಕು ಭಾನುವಾರಗಳನ್ನು ಒಳಗೊಂಡ ಅವಧಿಯನ್ನು ಕ್ರೈಸ್ತರು ಆಗಮನ ಕಾಲವೆಂದು ಆಚರಿಸುತ್ತಾರೆ. 19ನೇ ಶತಮಾನದಲ್ಲಿ ಆ ದಿನಗಳನ್ನು ಮಕ್ಕಳಿಗೆ ತೋರಿಸಿಕೊಡಲು ಜನ ತಮಗೆ ತೋಚಿದ ಉಪಾಯ ಮಾಡುತ್ತಿದ್ದರು. ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ 24 ಗೆರೆ ಎಳೆದು ದಿನಕ್ಕೊಂದು ಅಳಿಸುವುದು, ಯೇಸುವಿನ ತೊಟ್ಟಿಲಿಗೆ ದಿನಕ್ಕೊಂದು ಹುಲ್ಲುಕಡ್ಡಿ ಇಡುವುದು, ಗುರುತು ಹಾಕಿದ ಮೇಣದ ಬತ್ತಿಯನ್ನು ಅಷ್ಟಷ್ಟೇ ಉರಿಸುವುದು ಇವೆಲ್ಲ ಬಳಕೆಯಲ್ಲಿದ್ದವು. 1839ರಲ್ಲಿ ಹ್ಯಾಂಬರ್ಗಿನ ಪಾದ್ರಿ ಯೋಹಾನ್ ಹಿನ್ರಿಖ್ ವೀಖರ್ನ್ ತಾನು ನಡೆಸುತ್ತಿದ್ದ ಬಡ ಮಕ್ಕಳ ಆಶ್ರಮದಲ್ಲಿ ಒಂದು ಗಾಲಿಯ ಮೇಲೆ ಮೇಣದ ಬತ್ತಿಗಳನ್ನು ಜೋಡಿಸಿ, ವಾರದ ದಿನಕ್ಕೆ ಸಣ್ಣದು, ಭಾನುವಾರಕ್ಕೆ ದೊಡ್ಡದು ಎಂದು ಹಚ್ಚಿಸಿದ. ಇಂದು ಚರ್ಚುಗಳಲ್ಲಿ ಕಾಣುವ ಹಸಿರೆಲೆಯ ಮಾಲೆ ಮತ್ತು ನಾಲ್ಕು ಬತ್ತಿಗಳ ಮೂಲ ಅದೇ.

ಅಚ್ಚಾದ ಕ್ಯಾಲೆಂಡರ್ ಬಂದದ್ದು 20ನೇ ಶತಮಾನದ ಮೊದಲ ದಶಕದಲ್ಲಿ. ಗೆರ್ಹಾರ್ಡ್ ಲಾಂಗ್ ಎಂಬಾತನ ತಾಯಿ ಮಗನಿಗಾಗಿ ಒಂದು ರಟ್ಟಿಗೆ 24 ಬಿಸ್ಕತ್ತುಗಳನ್ನು ಕಟ್ಟಿಕೊಡುತ್ತಿದ್ದಳಂತೆ. ದೊಡ್ಡವನಾಗಿ ಮ್ಯೂನಿಕ್‌ನಲ್ಲಿ ಅಚ್ಚುಕೂಟದ ಪಾಲುದಾರನಾದ ಆತ, ಅದೇ ನೆನಪಿನಲ್ಲಿ ಕತ್ತರಿಸಿ ಅಂಟಿಸುವ 24 ಚಿತ್ರಗಳ ಹಾಳೆಯನ್ನು ಮಾರಾಟಕ್ಕೆ ತಂದ. ತೆರೆಯುವ ಬಾಗಿಲು ಸೇರಿಕೊಂಡದ್ದು 1920ರ ಸುಮಾರಿಗೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಕಾಗದಕ್ಕೇ ಬರ ಬಂದು ಈ ವ್ಯಾಪಾರ ನಿಂತಿತು. 1946ರಲ್ಲಿ ಸ್ಟುಟ್‌ಗಾರ್ಟಿನ ರಿಚರ್ಡ್ ಸೆಲ್ಮರ್ ಅದಕ್ಕೆ ಮತ್ತೆ ಜೀವ ಕೊಟ್ಟ. ಬ್ರಿಟನ್ನಿನ ಕ್ಯಾಡ್‌ಬರಿ ಕಂಪನಿ 1971ರಲ್ಲಿ ಬಾಗಿಲ ಹಿಂದೆ ಚಾಕೊಲೇಟ್ ಇಟ್ಟಿತು. ಡೆನ್ಮಾರ್ಕಿನ ಲೆಗೋ ಕಂಪನಿ 1998ರಲ್ಲಿ ಆಟಿಕೆಯ ಇಟ್ಟಿಗೆಗಳನ್ನಿಟ್ಟಿತು. ಈಗ ಮಾರುಕಟ್ಟೆಯಲ್ಲಿರುವ ಆಟಿಕೆ ಕ್ಯಾಲೆಂಡರುಗಳ ವಂಶಾವಳಿ ಇಷ್ಟು.

ಆದರೆ ಕ್ರಿಸ್‌ಮಸ್ಸಿಗೂ ಆಟಿಕೆಗೂ ಇರುವ ನಂಟು ಕ್ಯಾಲೆಂಡರಿಗಿಂತ ಹಳೆಯದು, ಅದು ಬೆಳೆದದ್ದು ಮರ ಕಡೆಯುವವರ ಊರುಗಳಲ್ಲಿ. ಜರ್ಮನಿಯ ಸ್ಯಾಕ್ಸನಿಯ ಗುಡ್ಡಗಾಡಿನಲ್ಲಿ ಜೈಫೆನ್ ಎಂಬ ಹಳ್ಳಿಯಿದೆ. ಅಲ್ಲಿನವರು ತವರದ ಗಣಿ ನಂಬಿದ್ದವರು. ಗಣಿ ಬರಿದಾಗುತ್ತ ಬಂದಂತೆ ಅವರು ಕಡಸಲು ಯಂತ್ರಕ್ಕೆ ಕೈಹಾಕಿದರು. ಸುಮಾರು 1800ರ ಹೊತ್ತಿಗೆ ಅವರಿಗೊಂದು ಅಪರೂಪದ ವಿದ್ಯೆ ಕರಗತವಾಗಿತ್ತು. ಹಸಿ ಮರದ ದಿಮ್ಮಿಯಿಂದ ದುಂಡು ಬಿಲ್ಲೆ ಕೊಯ್ದು, ಅದನ್ನು ತಿರುಗಿಸುತ್ತ ಎರಡೂ ಕಡೆಯಿಂದ ಉಳಿ ಹಿಡಿದು ಬಳೆಯಂತೆ ಕಡೆಯುವುದು. ಆಮೇಲೆ ಬಳೆಯನ್ನು ಹೋಳು ಹೋಳಾಗಿ ಸೀಳುವುದು. ಸೀಳಿದ ಪ್ರತಿ ಹೋಳೂ ಒಂದೊಂದು ಆನೆಯೋ ಹಸುವೋ ಆಗಿರುತ್ತದೆ. ಕಡೆಯುವಾಗ ಕಸುಬುದಾರನಿಗೆ ಪ್ರಾಣಿಯ ಆಕಾರ ಕಣ್ಣಿಗೆ ಬೀಳುವುದಿಲ್ಲ, ಕೈಲೆಕ್ಕದಲ್ಲೇ ಹೊಟ್ಟೆ, ಕಾಲು, ಸೊಂಡಿಲು ಮೂಡಬೇಕು. ಯುರೋಪಿನ ಮಕ್ಕಳ ನೋಹನ ನಾವೆಗಳಿಗೆ, ಕ್ರಿಸ್‌ಮಸ್ ಕಾಲದ ಮೇಜುಗಳಿಗೆ ಈ ಹಳ್ಳಿಗಳಿಂದಲೇ ಪ್ರಾಣಿಗಳು ಹೋದವು.

ಈ ಕಥೆಗೆ ಕರ್ನಾಟಕದಲ್ಲಿ ಸಮನಾಗಿ ನಿಲ್ಲುವ ಊರು ಚನ್ನಪಟ್ಟಣ. ಆದರೆ ಅಲ್ಲಿಗೆ ಹೋಗುವ ಮುನ್ನ, ಇದೇ ಸೀಮೆಯಲ್ಲಿ ಹಬ್ಬಕ್ಕೆ ದಿನ ಎಣಿಸುವ ರೂಢಿ ಹೇಗಿತ್ತೆಂದು ನೋಡಬೇಕು.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳು ರಾಗಿ ಮತ್ತು ರೇಷ್ಮೆಯ ನಾಡು. ಮರಳವಾಡಿ ಹೋಬಳಿಯಂಥ ಕಡೆ ದಿನ ಎಣಿಸುವುದು ಮಕ್ಕಳಾಟವಲ್ಲ, ಬದುಕಿನ ಲೆಕ್ಕ. ಚಾಕಿ ಕಟ್ಟಿದ, ಅಂದರೆ ರೇಷ್ಮೆಯ ಮರಿಹುಳು ಸಾಕಲು ತೊಡಗಿದ ದಿನದಿಂದ ಹುಳು ಹಣ್ಣಾಗಿ ಗೂಡು ಕಟ್ಟುವ ಚಂದ್ರಿಕೆಗೆ ಹತ್ತುವವರೆಗೆ ಸುಮಾರು ನಾಲ್ಕು ವಾರ. ನಡುವೆ ನಾಲ್ಕು ಜ್ವರ, ಅಂದರೆ ಹುಳು ಪೊರೆ ಕಳಚುವ ಹೊತ್ತು. ಹುಳು ಜ್ವರಕ್ಕೆ ಕೂತಾಗ ಸೊಪ್ಪು ಹಾಕುವಂತಿಲ್ಲ, ಎದ್ದಾಗ ತಡಮಾಡುವಂತಿಲ್ಲ. ಆಗಮನ ಕಾಲದ ನಾಲ್ಕು ಭಾನುವಾರಗಳ ಉದ್ದವೂ ಹೆಚ್ಚುಕಡಿಮೆ ಇಷ್ಟೇ. ಹೀಗೆ ವಾರ ವಾರವೂ ಲೆಕ್ಕ ಹಿಡಿದು ಕಾಯುವುದು ಇಲ್ಲಿನ ಮನೆಗಳಿಗೆ ಹೊಸತಲ್ಲ.

ಕ್ರೈಸ್ತ ಹಬ್ಬಗಳೂ ಈ ಸೀಮೆಗೆ ಇತ್ತೀಚಿನವಲ್ಲ. ಇಟಲಿಯ ಜೆಸುಯಿಟ್ ಪಾದ್ರಿ ಲಿಯೊನಾರ್ಡೊ ಚಿನ್ನಾಮಿ 17ನೇ ಶತಮಾನದ ನಡುವೆ ಶ್ರೀರಂಗಪಟ್ಟಣದಲ್ಲಿ ಮೈಸೂರು ಮಿಷನ್ ಆರಂಭಿಸಿದ ಮೇಲೆ ಕಾವೇರಿ, ಅರ್ಕಾವತಿಗಳ ಆಸುಪಾಸಿನ ಹಳ್ಳಿಗಳಲ್ಲಿ ಕನ್ನಡ ಮಾತನಾಡುವ ಕಥೋಲಿಕ ಒಕ್ಕಲು ನೆಲೆಗೊಂಡಿತು. ಕನಕಪುರ ತಾಲ್ಲೂಕಿನ ಹಾರೋಬೆಲೆ ಅಂಥ ಊರುಗಳಲ್ಲಿ ಹೆಸರಾದುದು. ಅರ್ಕಾವತಿಗೆ ಕಟ್ಟಿದ ಜಲಾಶಯದಿಂದ ಹೊರಗಿನವರಿಗೆ ಪರಿಚಿತವಾದ ಈ ಊರು, ಯೇಸುವಿನ ಪಾಡನ್ನು ಬಯಲಿನಲ್ಲಿ ಆಡಿ ತೋರಿಸುವ ನಾಟಕಕ್ಕೂ ಪ್ರಸಿದ್ಧ.

ಇಂಥ ಊರುಗಳಲ್ಲಿ ಅಂಗಡಿಯ ಬಾಗಿಲು ಪೆಟ್ಟಿಗೆ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಇಲ್ಲಿ ಡಿಸೆಂಬರಿನ ದಿನಗಳನ್ನು ಅಳೆಯುವುದು ಗೋದಲಿ. ದನದ ಕೊಟ್ಟಿಗೆಯಲ್ಲಿ ಯೇಸು ಹುಟ್ಟಿದ ದೃಶ್ಯವನ್ನು ಗೊಂಬೆಗಳಲ್ಲಿ ಜೋಡಿಸುವ ಈ ಪದ್ಧತಿಗೆ, 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ಸಂತ ಫ್ರಾನ್ಸಿಸ್ ಅಸಿಸಿ ಜೀವಂತ ಎತ್ತು, ಕತ್ತೆಗಳನ್ನು ನಿಲ್ಲಿಸಿ ಮಾಡಿದ ಆಚರಣೆಯೇ ಮೂಲವೆಂದು ಹೇಳುತ್ತಾರೆ. ಗೋದಲಿ ಒಂದೇ ದಿನಕ್ಕೆ ಪೂರ್ತಿಯಾಗುವುದಿಲ್ಲ. ಮೊದಲು ಬಿದಿರು, ಹುಲ್ಲಿನ ಗುಡಿಸಲು ಏಳುತ್ತದೆ. ಆಮೇಲೆ ಕುರಿ, ದನ, ಕುರುಬರು ಬಂದು ನಿಲ್ಲುತ್ತಾರೆ. ಮೇಲೆ ಕಾಗದದ ನಕ್ಷತ್ರ ಹತ್ತಿಕೊಳ್ಳುತ್ತದೆ. ಹುಲ್ಲಿನ ತೊಟ್ಟಿಲು ಮಾತ್ರ ಖಾಲಿ. ಬಾಲಯೇಸುವಿನ ಗೊಂಬೆ ಅದರೊಳಗೆ ಬರುವುದು 24ರ ನಡುರಾತ್ರಿಯ ಪೂಜೆಯ ಹೊತ್ತಿಗೆ. ಪೂರ್ವದಿಂದ ಬಂದ ಮೂರು ರಾಜರು ದೂರದಲ್ಲಿ ನಿಂತಿದ್ದು ದಿನಕ್ಕಿಷ್ಟು ಹತ್ತಿರ ಸರಿದು, ಜನವರಿ 6ರ ಹಬ್ಬಕ್ಕೆ ಕೊಟ್ಟಿಗೆ ಸೇರುವ ರೂಢಿಯೂ ಕೆಲವು ಮನೆಗಳಲ್ಲಿದೆ. ಅಚ್ಚಾದ ಯಾವ ಕ್ಯಾಲೆಂಡರಿಗಿಂತಲೂ ಇದು ಚೆನ್ನಾದ ಆಟಿಕೆ ಕ್ಯಾಲೆಂಡರ್.

ಇದರ ಪಕ್ಕದಲ್ಲಿಟ್ಟು ನೋಡಬೇಕಾದದ್ದು ಹಳೆ ಮೈಸೂರಿನಲ್ಲಿ ನವರಾತ್ರಿಯ ಒಂಬತ್ತು ದಿನ ನಡೆಯುವ ಗೊಂಬೆ ಹಬ್ಬ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ದಸರಾ ಆಚರಣೆ ಆರಂಭಿಸಿದರೆಂಬುದು ಪ್ರತೀತಿ. ಅರಮನೆಯ ಗೊಂಬೆ ತೊಟ್ಟಿಯಿಂದ ಊರ ಮನೆಗಳವರೆಗೆ ಗೊಂಬೆ ಕೂರಿಸುವುದು ಆ ಹಬ್ಬದ ಭಾಗ. ಪಾಡ್ಯದ ದಿನ ಪಟ್ಟದ ಗೊಂಬೆಗಳನ್ನು ಮೇಲಿನ ಮೆಟ್ಟಿಲಲ್ಲಿ ಕೂರಿಸುತ್ತಾರೆ. ಮದುವೆಯಾದ ಹೆಣ್ಣಿಗೆ ತವರಿನಿಂದ ಬರುವ, ಕೆಂಪು ಮರದ ರಾಜ ರಾಣಿಯರ ಜೋಡಿ ಅದು. ಅವುಗಳ ಕೆಳಗೆ ದೇವರು, ದಿಂಡರು, ಸೆಟ್ಟಿ ಅಂಗಡಿ, ಮದುವೆ ದಿಬ್ಬಣ. ಸಂಜೆಯಾದರೆ ಬೀದಿಯ ಮಕ್ಕಳು ಮನೆ ಮನೆಯ ಬಾಗಿಲಿಗೆ ಬಂದು ‘ಗೊಂಬೆ ಕೂರ್ಸಿದೀರಾ?’ ಎಂದು ಕೇಳುತ್ತಾರೆ. ಒಳಗೆ ಕರೆದು ಗೊಂಬೆ ತೋರಿಸಿ, ಕೈಗೆ ಗೊಂಬೆ ಬಾಗಿನ ಹಾಕಿ ಕಳಿಸುತ್ತಾರೆ. ಒಂದು ದಿನ ಕೊಬ್ಬರಿ ಮಿಠಾಯಿ, ಮತ್ತೊಂದು ದಿನ ಚಕ್ಕುಲಿ, ಮಾರನೆಯ ದಿನ ರವೆ ಉಂಡೆ. ಕ್ಯಾಡ್‌ಬರಿಯವರು ಬಾಗಿಲ ಹಿಂದೆ ಚಾಕೊಲೇಟ್ ಇಡುವ ಎಷ್ಟೋ ಮೊದಲೇ, ದಿನಕ್ಕೊಂದು ಬಗೆಯ ತಿಂಡಿಯಿಂದ ಹಬ್ಬವನ್ನು ಎಣಿಸುವ ಸುಖ ಮೈಸೂರು ಸೀಮೆಯ ಮಕ್ಕಳಿಗೆ ಸಿಕ್ಕಿತ್ತು.

ಎರಡೂ ಹಬ್ಬಗಳು ಒಂದು ಜಾಗದಲ್ಲಿ ನಿಜಕ್ಕೂ ಸೇರುತ್ತವೆ, ಅದು ರಾಗಿ ಪೈರಿನಲ್ಲಿ. ಗೊಂಬೆ ಹಬ್ಬಕ್ಕೆ ವಾರದ ಮುಂಚೆ ಅಗಲವಾದ ತಟ್ಟೆಯಲ್ಲಿ ಮಣ್ಣು ಹರಡಿ ರಾಗಿ ಚೆಲ್ಲಿ ನೀರು ಚಿಮುಕಿಸುತ್ತಾರೆ. ಎರಡು ಮೂರು ದಿನಕ್ಕೆ ಬಿಳಿ ಮೊಳಕೆ, ಆಮೇಲೆ ಸೂಜಿಯಂಥ ಹಸಿರು. ಹಬ್ಬದ ಹೊತ್ತಿಗೆ ಗೊಂಬೆಗಳ ಮುಂದೆ ಬೆರಳುದ್ದದ ಉದ್ಯಾನ ಸಿದ್ಧ. ಗೋವಾ, ಕರಾವಳಿ ಕಡೆಯ ಕ್ರೈಸ್ತ ಮನೆಗಳಲ್ಲಿ ಗೋದಲಿಯ ಸುತ್ತಣ ಹೊಲಕ್ಕೂ ಹೀಗೆಯೇ ರಾಗಿಯನ್ನೋ ಬೇರೆ ಕಾಳನ್ನೋ ಮೊಳೆಸುತ್ತಾರೆ. ಬಿತ್ತುವುದು ತಡವಾದರೆ ಹಬ್ಬಕ್ಕೆ ಬರಿ ಮಣ್ಣು, ಬೇಗವಾದರೆ ಪೈರು ಹಳದಿಯಾಗಿ ಮಲಗಿಬಿಡುತ್ತದೆ. ಹಾಗಾಗಿ ತಟ್ಟೆಗೆ ರಾಗಿ ಚೆಲ್ಲುವ ದಿನದಿಂದಲೇ ಮಕ್ಕಳ ಎಣಿಕೆ ಶುರು.

ಚನ್ನಪಟ್ಟಣದ ಕಸುಬು ಬೆಳೆದದ್ದು ಇಂಥ ಹಬ್ಬಗಳ ನೆರಳಲ್ಲಿ. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಈ ಊರಿನ ಗಾಜಿನ ಕೆಲಸ, ವಾದ್ಯಗಳಿಗೆ ಬೇಕಾದ ಉಕ್ಕಿನ ತಂತಿ, ನಯವಾದ ಸಕ್ಕರೆಗಳನ್ನು ಕಂಡು ಬರೆದಿಟ್ಟ. ಅರಗಿನ ಬಣ್ಣದ ಮರಗೆಲಸ ಟಿಪ್ಪು ಸುಲ್ತಾನ ಪರ್ಷಿಯಾದಿಂದ ಕರೆಸಿದ ಕುಶಲಕರ್ಮಿಗಳಿಂದ ಬಂತೆಂದು ಊರವರು ಹೇಳುತ್ತಾರೆ. 19ನೇ ಶತಮಾನದ ಕೊನೆಯ ಹೊತ್ತಿಗಂತೂ ಮೈಸೂರಿನ ಗೆಜೆಟಿಯರು ಚನ್ನಪಟ್ಟಣವನ್ನು ಆಟಿಕೆಗಳ ಊರೆಂದೇ ಗುರುತಿಸಿತ್ತು. 20ನೇ ಶತಮಾನದಲ್ಲಿ ಬಾವಾಸ್ ಮಿಯಾ ಜಪಾನಿನ ಆಟಿಕೆ ತಯಾರಿಕೆಯ ರೀತಿಗಳನ್ನು ಇಲ್ಲಿನವರಿಗೆ ಕಲಿಸಿದರೆಂದು ಕಸುಬುದಾರರು ಇಂದಿಗೂ ಗೌರವದಿಂದ ನೆನೆಯುತ್ತಾರೆ. ಬಿಲ್ಲಿನಿಂದ ತಿರುಗಿಸುತ್ತಿದ್ದ ಕೈ ಯಂತ್ರದ ಜಾಗಕ್ಕೆ ಕ್ರಮೇಣ ವಿದ್ಯುತ್ ಲೇಥ್ ಬಂತು.

ಕೆಲಸದ ಮರ್ಮ ಆಲೆ ಮರದಲ್ಲಿದೆ. ಬೆಳ್ಳಗೆ, ಹಗುರಾಗಿ, ಎಳೆ ಕಾಣದಷ್ಟು ನಯವಾಗಿರುವ ಈ ಮರದ ತುಂಡುಗಳನ್ನು ತಿಂಗಳುಗಟ್ಟಲೆ ಒಣಗಿಸುತ್ತಾರೆ. ಒಣಗಿದ ತುಂಡನ್ನು ಯಂತ್ರಕ್ಕೆ ಸಿಕ್ಕಿಸಿ ಉಳಿ ಹಿಡಿದರೆ ತಲೆ, ಕುತ್ತಿಗೆ, ಹೊಟ್ಟೆ ಒಂದೊಂದಾಗಿ ಇಳಿಯುತ್ತವೆ. ಬಣ್ಣ ಹಚ್ಚಲು ಕುಂಚವಿಲ್ಲ. ಅರಿಸಿನ, ನೀಲಿಯಂಥ ಬಣ್ಣ ಬೆರೆಸಿ ಕಡ್ಡಿ ಮಾಡಿದ ಅರಗನ್ನು ತಿರುಗುವ ಮರಕ್ಕೆ ಒತ್ತುತ್ತಾರೆ. ಉಜ್ಜಾಟದ ಕಾವಿಗೆ ಅರಗು ಕರಗಿ ಮರವನ್ನು ಹಿಡಿಯುತ್ತದೆ. ತಕ್ಷಣವೇ ಗರಿಯ ತುಂಡೊಂದನ್ನು ಒತ್ತಿ ಹಿಡಿದರೆ ಬಣ್ಣ ಸಮನಾಗಿ ಹರಡಿ ಗಾಜಿನಂಥ ಹೊಳಪು ಬರುತ್ತದೆ. ಮಗು ಬಾಯಿಗಿಟ್ಟರೂ ಭಯವಿಲ್ಲದ ಈ ಬಣ್ಣವೇ ಹೊರದೇಶಗಳ ತಾಯ್ತಂದೆಯರ ಮನಸ್ಸು ಗೆದ್ದಿತು.

ಬುಗುರಿ, ಗಿಲಕಿ, ಅಡುಗೆ ಸಾಮಾನು, ರೈಲು, ದಸರಾ ಮೆಟ್ಟಿಲಿನ ಜೋಡಿ ಗೊಂಬೆ ಇವು ಹಳೆಯ ಸರಕು. ಕ್ರಿಸ್‌ಮಸ್ ಮರಕ್ಕೆ ತೂಗುಹಾಕುವ ಗಂಟೆ, ನಕ್ಷತ್ರ, ದೇವದೂತ, ಕೆಂಪು ಟೊಪ್ಪಿಗೆಯ ತಾತ ಈಚಿನ ದಶಕಗಳಲ್ಲಿ ಸೇರಿದವು. ಕಡಸಲು ಯಂತ್ರಕ್ಕೆ ಹೊಂದುವುದು ದುಂಡು ಆಕಾರ. ದುಂಡು ಹೊಟ್ಟೆಯ ತಾತನಾಗಲಿ ಗಂಟೆಯಾಗಲಿ ಚನ್ನಪಟ್ಟಣದ ಕೈಗೆ ಪರಕೀಯ ಅನಿಸಲಿಲ್ಲ. ಇಲ್ಲಿನ ಕಸುಬುದಾರರಲ್ಲಿ ಬಹುಪಾಲು ಮುಸ್ಲಿಮರು. ಅವರ ಕೈಯಲ್ಲಿ ಕಡೆದದ್ದು ಹಿಂದೂ ಮನೆಯ ಗೊಂಬೆ ಮೆಟ್ಟಿಲಿಗೂ ಕ್ರೈಸ್ತರ ಮನೆಯ ಮರಕ್ಕೂ ಹೋಗುತ್ತದೆ. ಈ ಕಸುಬಿನ ಇತಿಹಾಸದಲ್ಲಿ ಹೆಮ್ಮೆಪಡಬೇಕಾದ ಸಂಗತಿ ಯಾವ ಪ್ರಶಸ್ತಿಗಿಂತಲೂ ಮೊದಲು ಇದೇ.

ಹೊರದೇಶದ ಕ್ರಿಸ್‌ಮಸ್ ಇಲ್ಲಿ ಡಿಸೆಂಬರಿನಲ್ಲಿ ಬರುವುದಿಲ್ಲ. ಹಡಗಿನಲ್ಲಿ ಹೋಗುವ ಮಾಲು ಅಲ್ಲಿನ ಅಂಗಡಿಗಳಿಗೆ ಚಳಿಗಾಲಕ್ಕೆ ಮೊದಲೇ ಮುಟ್ಟಬೇಕಾದ್ದರಿಂದ, ಮಳೆಗಾಲದಲ್ಲೇ ಕೆಲಸ ಮುಗಿದಿರಬೇಕು. ಅದೇ ತಿಂಗಳುಗಳಲ್ಲಿ ದಸರೆಯ ಬೇಡಿಕೆಯೂ ಏರುತ್ತದೆ. ಮರ ಒಣಗಿಸುವ ಕಾಲವನ್ನೂ ಲೆಕ್ಕ ಹಾಕಿದರೆ, 24 ಬಾಗಿಲುಗಳ ಎಣಿಕೆ ಚನ್ನಪಟ್ಟಣದಲ್ಲಿ ಬೇಸಿಗೆಗೇ ಆರಂಭವಾಗುತ್ತದೆ.

ಈ ಕಸುಬು ಕಷ್ಟಗಳನ್ನೂ ಕಂಡಿದೆ. ಚೀನಾದ ಅಗ್ಗದ ಪ್ಲಾಸ್ಟಿಕ್ ಆಟಿಕೆ ಬಂದ ಮೇಲೆ ಎಷ್ಟೋ ಮನೆಗಳ ಯಂತ್ರ ನಿಂತವು. ನೆದರ್ಲೆಂಡ್ಸ್ ನೆರವಿನೊಂದಿಗೆ ರಾಜ್ಯ ಸರ್ಕಾರ ನಡೆಸಿದ ‘ವಿಶ್ವ’ ಯೋಜನೆ ಕಸುಬುದಾರರಿಗೆ ಮನೆ, ಕೆಲಸದ ಜಾಗ ಒದಗಿಸಿತು. ಕರಕುಶಲ ನಿಗಮದ ಕಾವೇರಿ ಮಳಿಗೆಗಳು ಮಾರಾಟಕ್ಕೆ ನಿಂತವು. 2006ರ ಸುಮಾರಿಗೆ ಚನ್ನಪಟ್ಟಣದ ಗೊಂಬೆಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. 2020ರಲ್ಲಿ ಕೇಂದ್ರ ಸರ್ಕಾರ ಆಮದು ಆಟಿಕೆಗಳ ಸುಂಕವನ್ನು ಶೇ 20ರಿಂದ 60ಕ್ಕೆ ಏರಿಸಿತು. ಆಟಿಕೆಗಳ ಗುಣಮಟ್ಟದ ಆದೇಶ 2021ರ ಜನವರಿಯಲ್ಲಿ ಜಾರಿಯಾದಾಗ ಭೌಗೋಳಿಕ ಗುರುತಿನ ಮಾನ್ಯತೆಯುಳ್ಳ ಕರಕುಶಲ ಸರಕಿಗೆ ಸರ್ಕಾರ ವಿನಾಯಿತಿ ಕೊಟ್ಟಿತು. ಸಣ್ಣ ಕಸುಬುದಾರರನ್ನು ಪರೀಕ್ಷೆಯ ಖರ್ಚಿನಿಂದ ಉಳಿಸಿದ ಈ ವಿನಾಯಿತಿ ಸರಿಯಾದ ಹೆಜ್ಜೆ.

2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ದಶಪಥ ಚನ್ನಪಟ್ಟಣವನ್ನು ಬಳಸಿಕೊಂಡು ಹೋಗುತ್ತದೆ. ಹಳೆಯ ಹೆದ್ದಾರಿಯಲ್ಲಿ ದಾರಿಹೋಕರು ಕಾರು ನಿಲ್ಲಿಸಿ ಮಕ್ಕಳಿಗೆ ಮರದ ಕುದುರೆ ಕೊಳ್ಳುತ್ತಿದ್ದ ಅಂಗಡಿಗಳ ವ್ಯಾಪಾರ ಅಂದಿನಿಂದ ಇಳಿಯಿತು. ರಸ್ತೆ ಬದಿಯ ಗಿರಾಕಿ ಕಡಿಮೆಯಾದಷ್ಟೂ ಆನ್‌ಲೈನ್ ಮಾರಾಟ ಮತ್ತು ರಫ್ತಿನ ಮೇಲಿನ ಅವಲಂಬನೆ ಹೆಚ್ಚಿದೆ. ಹಬ್ಬಗಳಿಗೆ ಮುಂಗಡವಾಗಿ ಬರುವ ಆರ್ಡರುಗಳು ಈಗ ಚನ್ನಪಟ್ಟಣದ ಯಂತ್ರಗಳಿಗೆ ಮೊದಲಿಗಿಂತ ಹೆಚ್ಚು ಬೇಕಾಗಿವೆ.