ಚಿತ್ರಕೃಪೆ ಮತ್ತು ಮರುಮುದ್ರಣದ ಅನುಮತಿ

ಒಬ್ಬರು ಪ್ರಕಟಿಸಿದ ಚಿತ್ರ, ನಕ್ಷೆ ಅಥವಾ ಛಾಯಾಚಿತ್ರವನ್ನು ಇನ್ನೊಬ್ಬರು ಸಂಶೋಧನಾ ಬರಹದಲ್ಲಿ ಬಳಸುವಾಗ ಹಕ್ಕುದಾರರ ಒಪ್ಪಿಗೆ ಪಡೆದು, ಅದನ್ನು ಚಿತ್ರದ ಕೆಳಗೆ ನಮೂದಿಸುವ ಪದ್ಧತಿ. ಕನ್ನಡ ಪತ್ರಿಕೆಗಳಲ್ಲಿ ‘ಕೃಪೆ’ ಎಂಬ ಒಂದೇ ಮಾತು ಈ ಋಣವನ್ನು ಸೂಚಿಸುತ್ತದೆ. ಆದರೆ ಋಣ ಒಪ್ಪಿಕೊಂಡ ಮಾತ್ರಕ್ಕೆ ಅನುಮತಿ ಸಿಕ್ಕಂತಾಗುವುದಿಲ್ಲ.

ಹಿನ್ನೆಲೆ: ಚಿತ್ರಗಳಿಗೆ ಪ್ರತ್ಯೇಕ ರಕ್ಷಣೆ ನೀಡಿದ್ದು ಬ್ರಿಟನ್ನಿನ 1735ರ ಕಾಯಿದೆ. ಚಿತ್ರಗಾರ ವಿಲಿಯಂ ಹೋಗಾರ್ತ್ ಮುಂತಾದವರ ಒತ್ತಾಯದಿಂದ ಬಂದ ಈ ಕಾಯಿದೆ, ಪ್ರತಿ ಅಚ್ಚಿನ ಮೇಲೂ ಹಕ್ಕುದಾರನ ಹೆಸರು, ಪ್ರಕಟಣೆಯ ದಿನ ಇರಬೇಕೆಂದಿತು. ಭಾರತದಲ್ಲಿ 1914ರ ಕಾಯಿದೆಯ ಜಾಗಕ್ಕೆ 1957ರ ಕೃತಿಸ್ವಾಮ್ಯ ಕಾಯಿದೆ ಬಂದು, 1958ರ ಜನವರಿ 21ರಿಂದ ಜಾರಿಯಾಯಿತು. ಇದರ ಪ್ರಕಾರ ನಕ್ಷೆ, ಕೋಷ್ಟಕಚಿತ್ರ, ರೇಖಾಚಿತ್ರಗಳೂ ಕಲಾಕೃತಿಗಳೇ. ಅನುಮತಿ ಬರವಣಿಗೆಯಲ್ಲಿರಬೇಕು. ಸಂಶೋಧನೆ, ವಿಮರ್ಶೆಗಳಿಗಾಗಿ ನ್ಯಾಯವಾದ ಮಿತಿಯ ಬಳಕೆಗೆ 52ನೆಯ ಕಲಮು ವಿನಾಯಿತಿ ಕೊಡುತ್ತದೆ.

ಮಂಡ್ಯ ಸೀಮೆಯ ನಿದರ್ಶನ: ಮದ್ದೂರು ತಾಲ್ಲೂಕಿನ ಆತಕೂರಿನ ವೀರಗಲ್ಲು (ಕ್ರಿ.ಶ. 949-50) ಹಂದಿಯೊಡನೆ ಕಾದಿ ಮಡಿದ ಕಾಳಿ ಎಂಬ ಬೇಟೆನಾಯಿಯ ನೆನಪಿನದು; ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಸಾವಿರ ವರ್ಷ ದಾಟಿದ ಕಲ್ಲಿಗೆ ಕೃತಿಸ್ವಾಮ್ಯವಿಲ್ಲ. ಮಂಡ್ಯ ತಾಲ್ಲೂಕಿನ ಶಾಸನಗಳನ್ನು ಒಳಗೊಂಡ, ಬಿ. ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಮೂರನೆಯ ಸಂಪುಟ (1894) ಆತಕೂರಿನ ಶಾಸನಪಾಠವನ್ನೂ ಕೊಟ್ಟಿದೆ. ರೈಸ್ ತೀರಿಕೊಂಡದ್ದು 1927ರಲ್ಲಿ; ಆ ಸಂಪುಟದ ಹಕ್ಕಿನ ಅವಧಿ ಮುಗಿದಿದೆ. ಅದರ ಪುಟವನ್ನು ಮುದ್ರಿಸಲು ಅಪ್ಪಣೆ ಬೇಡ, ಆಕರ ಹೇಳಬೇಕು. ಮೈಸೂರು ವಿಶ್ವವಿದ್ಯಾನಿಲಯ ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಶಾಸನಗಳನ್ನು ಪರಿಷ್ಕರಿಸಿ ಹೊರತಂದ ಏಳನೆಯ ಸಂಪುಟದ (1979) ಹಕ್ಕು ಇನ್ನೂ ಊರ್ಜಿತ. ಅದೇ ಕಲ್ಲಿನ ಹೊಸ ಛಾಯಾಚಿತ್ರಕ್ಕೂ ಬೇರೆ ಹಕ್ಕುದಾರರಿರುತ್ತಾರೆ.

ಈಗಿನ ರೂಢಿ: ವಿಶ್ವವಿದ್ಯಾನಿಲಯ ಅನುದಾನ ಆಯೋಗದ 2018ರ ಕೃತಿಚೌರ್ಯ ನಿಯಮಾವಳಿ, ಅಗತ್ಯ ಅನುಮತಿ ಅಥವಾ ಆಕರದೊಡನೆ ಉದ್ಧರಿಸಿದ ಭಾಗವನ್ನು ಹೋಲಿಕೆಯ ಲೆಕ್ಕದಿಂದ ಹೊರಗಿಡುತ್ತದೆ. 2002ರಿಂದ ಬಂದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಗಳು ಷರತ್ತುಗಳನ್ನು ಮೊದಲೇ ಸಾರಿ, ಪ್ರತಿ ಸಲ ಪತ್ರ ಬರೆಯುವ ಕೆಲಸ ತಪ್ಪಿಸಿವೆ. ಉಳಿದೆಡೆ ಅಡಿಬರಹದಲ್ಲಿ ಕರ್ತೃ, ಕೃತಿ, ವರ್ಷ, ಚಿತ್ರಸಂಖ್ಯೆ, ಹಕ್ಕುದಾರರ ಹೆಸರು, ‘ಅನುಮತಿಯೊಂದಿಗೆ ಮರುಮುದ್ರಿತ’ ಎಂಬ ಒಕ್ಕಣೆ ಇರುತ್ತವೆ. ಬದಲಿಸಿ ಬರೆದ ಚಿತ್ರವಾದರೆ ‘ಆಧಾರಿತ’ ಎನ್ನಬೇಕು. ಹಾಗೆಂದ ಮಾತ್ರಕ್ಕೆ ಅನುಮತಿಯ ಅಗತ್ಯ ತಪ್ಪದು. ಪ್ರಕಟಿತ ಅಂಕಿಗಳಿಂದ ತಾವೇ ಹೊಸದಾಗಿ ಬರೆದ ನಕ್ಷೆಗೆ ಸಾಮಾನ್ಯವಾಗಿ ಆಕರದ ಉಲ್ಲೇಖ ಸಾಕು.