ಗೆದ್ದ ಅರಸನ ಸ್ವಭಾವ: ಇಮ್ಮಡಿ ಪುಲಕೇಶಿಯ ಕೊನೆಯ ಪಲ್ಲವ ಯುದ್ಧ

ಯುದ್ಧಕ್ಕೆ ಹೊರಡುವ ತೀರ್ಮಾನದಲ್ಲಿ ಅರಸನ ಸ್ವಭಾವದ ಪಾಲೆಷ್ಟು? ಬಾದಾಮಿಯ ಚಾಲುಕ್ಯ ಅರಸ ಇಮ್ಮಡಿ ಪುಲಕೇಶಿಯ ಮಟ್ಟಿಗೆ ಇದನ್ನು ಕೇಳಲು ಮೂರು ಸಾಕ್ಷ್ಯಗಳಿವೆ: ಆಶ್ರಿತ ಕವಿಯದು, ಪರದೇಶದ ಯಾತ್ರಿಕನದು, ಶತ್ರುವಂಶದ್ದು. ಮೂರಕ್ಕೂ ತಮ್ಮದೇ ಪಕ್ಷಪಾತವಿರುವುದರಿಂದ ಅವು ಒಂದನ್ನೊಂದು ಮುಟ್ಟುವ ಕಡೆ ಮಾತ್ರ ನಂಬಿಕೆಗೆ ಅರ್ಹ.

ಮೊದಲನೆಯದು ಹುನಗುಂದ ಸೀಮೆಯ ಐಹೊಳೆಯಲ್ಲಿ, ಮೇಗುತಿ ಬಸದಿಯ ಗೋಡೆಯಲ್ಲಿರುವ ರವಿಕೀರ್ತಿಯ ಪ್ರಶಸ್ತಿ (ಶಕ 556, ಕ್ರಿ.ಶ. 634–35). ಪ್ರಶಸ್ತಿಯ ವಿಶೇಷಣಗಳು ರೂಢಿಯವು. ಅವುಗಳಿಂದ ಸ್ವಭಾವ ತಿಳಿಯದು, ನಡೆಗಳಿಂದ ತಿಳಿದೀತು. ಚಿಕ್ಕಪ್ಪ ಮಂಗಲೇಶ ತನ್ನ ಮಗನಿಗೆ ರಾಜ್ಯ ಉಳಿಸಲು ಹೋಗಿ ಅಳಿದ. ಆ ಗೊಂದಲದಲ್ಲಿ ಅಪ್ಪಾಯಿಕ, ಗೋವಿಂದ ಎಂಬಿಬ್ಬರು ಭೀಮೆಯ ಉತ್ತರದ ನಾಡಿಗೆ ಆನೆಪಡೆಯೊಡನೆ ಬಂದರು. ಒಬ್ಬ ಹೆದರಿ ಹಿಮ್ಮೆಟ್ಟಿದ. ಇನ್ನೊಬ್ಬನಿಗೆ ಉಪಕಾರದ ಫಲ ದೊರೆಯಿತು. ಅಂದರೆ ಪಟ್ಟವೇರಿದ ಹೊಸತರಲ್ಲಿ ಪುಲಕೇಶಿ ಹೊಡೆಯುವುದನ್ನೂ ಒಲಿಸಿಕೊಳ್ಳುವುದನ್ನೂ ತೂಗಿ ನೋಡಿದವನು. ಮುಂದಿನ ಪದ್ಯಗಳಲ್ಲಿ ಬನವಾಸಿ, ಕೊಂಕಣ, ಲಾಟ, ಹರ್ಷ, ಕಳಿಂಗ ಸಾಲುಗಟ್ಟುತ್ತವೆ. ಪಲ್ಲವನೊಬ್ಬ ಕಂಚಿಯ ಕೋಟೆಗೋಡೆಯ ಹಿಂದೆ ಉಳಿಯುತ್ತಾನೆ. ಕಂಚಿಯನ್ನು ಹಿಡಿದದ್ದಾಗಿ ಕವಿ ಹೇಳುವುದಿಲ್ಲ.

ಎರಡನೆಯದು ಸುಮಾರು 641ರಲ್ಲಿ ಈ ರಾಜ್ಯಕ್ಕೆ ಬಂದ ಹ್ಯೂಯೆನ್ ತ್ಸಾಂಗನ ಬರಹ. ಕಾದಾಳುಗಳಿಗೂ ಆನೆಗಳಿಗೂ ಮದ್ಯ ಕುಡಿಸಿ ಯುದ್ಧಕ್ಕೆ ಬಿಡುತ್ತಿದ್ದರೆಂದೂ, ಇಂಥ ಪಡೆಯಿದ್ದುದರಿಂದಲೇ ಅರಸ ನೆರೆಯವರನ್ನು ಲೆಕ್ಕಕ್ಕಿಡುತ್ತಿರಲಿಲ್ಲವೆಂದೂ ಅವನು ಬರೆಯುತ್ತಾನೆ. ಇಲ್ಲಿ ಕಾರಣದ ದಿಕ್ಕನ್ನು ಗಮನಿಸಬೇಕು: ತಾತ್ಸಾರದಿಂದ ಪಡೆಯಲ್ಲ, ಪಡೆಯಿಂದ ತಾತ್ಸಾರ.

ಮೂರನೆಯದು ಪಲ್ಲವ ಪರಮೇಶ್ವರವರ್ಮನ ಕೂರಂ ತಾಮ್ರಪಟ. ಪಲ್ಲವ ಅರಸ ನರಸಿಂಹವರ್ಮ ಪುಲಕೇಶಿಯನ್ನು ಸೋಲಿಸಿದ ಕಾಳಗಗಳಲ್ಲಿ ಮಣಿಮಂಗಲವನ್ನು ಅದು ಹೆಸರಿಸುತ್ತದೆ. ಮಣಿಮಂಗಲ ಕಂಚಿಗೆ ಹತ್ತಿರದ ಊರು; ಹಾಗಾದರೆ ಎದುರಾಳಿಯ ನೆಲಕ್ಕೆ ನುಗ್ಗಿ ಹೋದದ್ದು ಚಾಲುಕ್ಯ ಪಡೆ. ಸುಮಾರು 642ರಲ್ಲಿ ಚಾಲುಕ್ಯರ ರಾಜಧಾನಿ ವಾತಾಪಿಯೇ (ಬಾದಾಮಿ) ಬಿದ್ದಿತು. ನರಸಿಂಹವರ್ಮನ ಆಳ್ವಿಕೆಯ 13ನೆಯ ವರ್ಷದ ಶಾಸನ ಬಾದಾಮಿಯ ಬಂಡೆಯ ಮೇಲೆ ಇಂದಿಗೂ ಇದೆ.

ಮೂರನ್ನೂ ಜೋಡಿಸಿದರೆ ದೊರೆಯುವುದು ಹುಟ್ಟಾ ಯುದ್ಧಪ್ರಿಯನ ಚಿತ್ರವಲ್ಲ. ಗೆಲುವು ಗೆಲುವಾಗಿ ಲೆಕ್ಕ ಬಿಟ್ಟವನ ಚಿತ್ರ. ತಡೆಯುವವರೂ ಬಳಿಯಲ್ಲಿರಲಿಲ್ಲವೇನೋ: ಮಂಗಲೇಶ ಅಳಿದಿದ್ದ, ತಮ್ಮ ಕುಬ್ಜ ವಿಷ್ಣುವರ್ಧನ ವೆಂಗಿಯಲ್ಲಿ ನೆಲೆಸಿದ್ದ. ಆಧುನಿಕ ಸರ್ವಾಧಿಕಾರಿಗಳನ್ನು ಕುರಿತು ಜೆಸ್ಸಿಕಾ ವೀಕ್ಸ್ 2014ರ ತಮ್ಮ ಪುಸ್ತಕದಲ್ಲಿ ಆಳುವವನನ್ನು ಹೊಣೆಗಾರನನ್ನಾಗಿಸುವವರು ಇದ್ದಾರೆಯೇ ಎಂಬುದಕ್ಕೆ ಒತ್ತು ಕೊಡುತ್ತಾರೆ. ಅರಸೊತ್ತಿಗೆಗೆ ಅದನ್ನು ನೇರವಾಗಿ ಅನ್ವಯಿಸಲಾಗದು, ಆದರೆ ಪ್ರಶ್ನೆ ಅದೇ.

ಹೋಲಿಕೆಗೆ ಅದೇ ವಂಶದ ಇಮ್ಮಡಿ ವಿಕ್ರಮಾದಿತ್ಯ (733–744). ಅವನು ಮೂರು ಬಾರಿ ಕಂಚಿಯನ್ನು ಗೆದ್ದನೆನ್ನುತ್ತದೆ ಪಟ್ಟದಕಲ್ಲಿನ ಶಾಸನ, ಹಗೆ ಹಳೆಯದೇ. ಆದರೆ ಕಂಚಿಯ ರಾಜಸಿಂಹೇಶ್ವರ ದೇಗುಲದಲ್ಲಿ ಅವನು ಕೆತ್ತಿಸಿದ ಕನ್ನಡ ಶಾಸನ ದೇವರ ಸಂಪತ್ತನ್ನು ಕಂಡು ದೇವರಿಗೇ ಬಿಟ್ಟ ಸಂಗತಿಯನ್ನು ದಾಖಲಿಸುತ್ತದೆ. ಪಲ್ಲವರ ಮೇಲೆ ದಂಡೆತ್ತುವುದನ್ನು ವಂಶದ ಹಗೆಯೇ ಗೊತ್ತುಮಾಡಿತ್ತು. ಎಲ್ಲಿ ಕೈ ತಡೆಯಬೇಕೆಂಬುದು ಮಾತ್ರ ಅರಸನ ಪಾಲಿಗೆ ಉಳಿದಿತ್ತು. ಸ್ವಭಾವವನ್ನು ಹುಡುಕಬೇಕಾದ ಜಾಗ ಅದು.